ಎಲ್ಲಾ ನಾರ್ಮಲ್ ಇದೆ

ನನ್ನ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್ ಇದೆ. ಅದರಲ್ಲಿ ಎರಡು ವರ್ಷದ ರಕ್ತ ಪರೀಕ್ಷೆಯ ರಿಪೋರ್ಟುಗಳಿವೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಶುಗರ್, ಲಿವರ್, ಕಿಡ್ನಿ. ಪ್ರತಿಯೊಂದರ ಮುಂದೆ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಎಷ್ಟಿರಬೇಕು ಅನ್ನುವ ಮಿತಿ. ಮಿತಿ ದಾಟಿದ ಸಂಖ್ಯೆಯನ್ನು ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಆಗೆಲ್ಲ ಪಿಡಿಎಫ್ ತೆರೆದ ಕೂಡಲೇ ನನ್ನ ಕಣ್ಣು ಹುಡುಕುತ್ತಿದ್ದದ್ದು ಅದನ್ನೇ. ಬೇರೆಯವರು ದಪ್ಪ ಅಕ್ಷರ ಇಲ್ಲದಿರಲಿ ಅಂತ ಬೇಡಿಕೊಳ್ಳುತ್ತಾರೆ. ನಾನು ಒಂದಾದರೂ ಇರಲಪ್ಪಾ ಅಂತ ಬೇಡಿಕೊಳ್ಳುತ್ತಿದ್ದೆ.

ನನಗೆ ಏನೋ ಆಗಿತ್ತು. ಬೆಳಗ್ಗೆ ನಾಲ್ಕಕ್ಕೆ ಎಚ್ಚರ, ಆಮೇಲೆ ಎಂಟರವರೆಗೂ ಎದ್ದೇಳಲು ಆಗದೆ ಫ್ಯಾನು ನೋಡುತ್ತಾ ಮಲಗಿರುವುದು. ಸ್ನಾನ ಅನ್ನುವುದು ದೊಡ್ಡ ಬೆಟ್ಟ. ಊಟ ಬಾಯಿಗೆ ಹೋಗುತ್ತಿತ್ತು, ರುಚಿ ಮಾತ್ರ ಎಲ್ಲೋ ಹೊರಗೇ ನಿಂತುಬಿಡುತ್ತಿತ್ತು. ಅಳು ಬರುತ್ತಿರಲಿಲ್ಲ. ಡಿಪ್ರೆಶನ್ ಅಂದರೆ ಅಳು ಅಂದುಕೊಂಡಿದ್ದ ನನಗೆ ಇದು ಅದಲ್ಲ ಅಂತ ಬಹಳ ದಿನ ಅನಿಸಿತ್ತು. ಮೈ ಭಾರ, ಕೈಕಾಲು ಸೋಲು, ಅಷ್ಟೇ. ಹಾಗಾಗಿ ಮೊದಲು ಹೋಗಿದ್ದು ಮಾಮೂಲಿ ಡಾಕ್ಟರ ಹತ್ತಿರ. ಅವರು ಬರೆದುಕೊಟ್ಟ ಟೆಸ್ಟುಗಳನ್ನೆಲ್ಲ ಮಾಡಿಸಿದೆ. ಎಲ್ಲಾ ನಾರ್ಮಲ್. ಆ ರಿಪೋರ್ಟುಗಳನ್ನು ಚಿಕ್ಕಪ್ಪ ಒಂದೊಂದಾಗಿ ಮಗುಚಿ ನೋಡಿ, ಕನ್ನಡಕ ತೆಗೆದು, 'ಎಲ್ಲಾ ನಾರ್ಮಲ್ ಇದೆಯಲ್ಲೋ, ಮತ್ತೇನು? ಮನಸ್ಸು ಸ್ವಲ್ಪ ಗಟ್ಟಿ ಮಾಡ್ಕೋ' ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಕಾಗದದಲ್ಲಿ ಇದ್ದಿದ್ದನ್ನೇ ಓದಿ ಹೇಳಿದರು. ಆದರೆ ಆ ಮಾತು ಕೇಳಿದ ಮೇಲೆ ನಾನು ಆರು ತಿಂಗಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಚಿಕುನ್‌ಗುನ್ಯಾ ವರ್ಷ

ಆ ಆರು ತಿಂಗಳಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಅಮ್ಮ ನೆನಪಾದಳು. 2006ರ ಅಮ್ಮ. ಆ ವರ್ಷ ತುಮಕೂರು ಜಿಲ್ಲೆಯ ನಮ್ಮೂರಿಗೆ ಚಿಕುನ್‌ಗುನ್ಯಾ ಬಂದಿತ್ತು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ಮಲಗಿದ್ದ ವರ್ಷ ಅದು. ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಅದು 'ಚಿಕನ್ ಗುನ್ಯಾ'. ಕೋಳಿಯಿಂದ ಬರುತ್ತೆ ಅಂತ ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು, ಪಾಪ ಕೋಳಿಗಳಿಗೆ ಅದೊಂದು ಒಳ್ಳೆ ಕಾಲ. ಇಡೀ ಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲ. ಬಾಗಿಕೊಂಡು, ಗೋಡೆ ಹಿಡಿದುಕೊಂಡು, ಒಂದು ಚೊಂಬು ನೀರು ಎತ್ತಲು ಎರಡೂ ಕೈ ಹಾಕಿ.

ನನ್ನ ಅಮ್ಮ ಕೂತಿದ್ದನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಹಟ್ಟಿ, ಒಲೆ, ತೋಟ, ಮತ್ತೆ ಹಟ್ಟಿ. ಅಂಥವಳು ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಕೀಲು ನೋವು ಇತ್ತು, ಸರಿ. ಆದರೆ ನೋವಿಗಿಂತ ಜಾಸ್ತಿ ಬೇರೆ ಏನೋ ಇತ್ತು. ಹಸು ಕರು ಹಾಕಿದ ಸುದ್ದಿ ಹೇಳಿದರೆ 'ಹೂಂ' ಅಂದಳು, ಯಾವ ಬಣ್ಣ ಅಂತ ಕೂಡ ಕೇಳಲಿಲ್ಲ. ನಾನು ಬೆಂಗಳೂರಿಂದ ಬಂದರೆ ಎದ್ದು ಕೂರಲಿಲ್ಲ. ಇಷ್ಟದ ಅವರೆಕಾಳು ಸಾರು ಮಾಡಿಕೊಟ್ಟರೆ ಎರಡು ತುತ್ತು. ಒಂದು ಸಂಜೆ ನನ್ನ ಹತ್ತಿರ, 'ಯಾಕೋ ಯಾವುದೂ ಬೇಡ ಅನ್ಸುತ್ತೆ ಕಣೋ' ಅಂದಳು.

ಆಗ ಅವಳಿಗೆ ಯಾರೂ ಮನಸ್ಸು ಗಟ್ಟಿ ಮಾಡ್ಕೋ ಅನ್ನಲಿಲ್ಲ. ಪಕ್ಕದ ಮನೆಯವರು ರಾಗಿ ಗಂಜಿ ತಂದಿಟ್ಟು ಹೋಗುತ್ತಿದ್ದರು. ಅಪ್ಪ ತಾನೇ ಹಾಲು ಕರೆದ. ಇದೇ ಚಿಕ್ಕಪ್ಪ ಎಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ತಂದು ಕೊಟ್ಟು, 'ಅತ್ತಿಗೆ, ಏಳೋಕೆ ಹೋಗಬೇಡಿ' ಅಂದಿದ್ದರು. ರಕ್ತದಲ್ಲಿ ಕಾಯಿಲೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಅವಳ ಬೇಜಾರಿಗೆ ಒಂದು ಹೆಸರಿತ್ತು, ಅದೂ ಸರ್ಕಾರದವರು ಮೈಕಿನಲ್ಲಿ ಕೂಗಿಕೊಂಡು ಬಂದ ಹೆಸರು.

ಅವಳು ಮಲಗಿದ್ದ ಭಂಗಿಯಲ್ಲೇ ಈಗ ನಾನು ಮಲಗಿದ್ದೆ. ಗಂಜಿ ಮಾತ್ರ ಬಂದಿರಲಿಲ್ಲ.

ಮೇವು ಬಿಟ್ಟ ಹಸು

ಇವೆರಡೂ ಒಂದೇ ಥರ ಕಾಣುವುದು ಸುಮ್ನೆ ನನ್ನ ಕಲ್ಪನೆ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ, ಓದುತ್ತಾ ಹೋದಾಗ. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು ಮನೋವೈದ್ಯರೇ ಅಲ್ಲ, ಪಶುವೈದ್ಯರು. ಕ್ಯಾಲಿಫೋರ್ನಿಯಾದ ಬೆಂಜಮಿನ್ ಹಾರ್ಟ್. ಕಾಯಿಲೆ ಬಿದ್ದ ಪ್ರಾಣಿ ಮೇವು ಬಿಡುತ್ತದೆ, ಮೂಲೆ ಹಿಡಿಯುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸುತ್ತದೆ. ಇದು ಸೋಂಕಿನಿಂದ ಸೋತು ಹೋಗಿದ್ದಕ್ಕಲ್ಲ, ಸೋಂಕಿನ ಜೊತೆ ಹೋರಾಡಲು ಮೈ ತಾನೇ ಮಾಡಿಕೊಂಡ ಏರ್ಪಾಡು ಅಂತ ಅವರು 1988ರಲ್ಲಿ ಬರೆದರು. ಜ್ವರ ಏರಿಸಲು ಶಕ್ತಿ ಬೇಕು, ಆದ್ದರಿಂದ ಓಡಾಟ, ಆಟ, ಆಸೆ ಎಲ್ಲ ಬಂದ್. ನಮ್ಮಪ್ಪನಿಗೆ ಇದನ್ನು ಹೇಳಿದ್ದರೆ 'ಇದಕ್ಕೆ ಅಮೆರಿಕಾ ಬೇಕಿತ್ತಾ' ಅನ್ನುತ್ತಿದ್ದ. ಹಸು ಮೇವು ಬಿಟ್ಟರೆ ಅದರ ಕಿವಿ ಮುಟ್ಟಿ ನೋಡುತ್ತಿದ್ದ. ಅದಕ್ಕೆ ಬುದ್ಧಿ ಹೇಳಿದ್ದನ್ನು ನಾನಂತೂ ಕಾಣೆ.

ಈ ಏರ್ಪಾಡಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಸೈಟೊಕೈನ್ ಅನ್ನುವ ಸಣ್ಣ ಪ್ರೋಟೀನುಗಳು. ರಕ್ಷಣಾ ಕಣಗಳು ಇವನ್ನು ಬಿಡುಗಡೆ ಮಾಡುತ್ತವೆ. ಐಎಲ್-6, ಟಿಎನ್‌ಎಫ್ ಆಲ್ಫಾ ಅಂತೆಲ್ಲ ಹೆಸರು. ಕೆಲವು ರಕ್ತದ ದಾರಿಯಲ್ಲಿ, ಕೆಲವು ಹೊಟ್ಟೆ-ಎದೆಯಿಂದ ತಲೆಗೆ ಹೋಗುವ ವೇಗಸ್ ನರದ ಮೂಲಕ ಸಂದೇಶ ಕಳಿಸುತ್ತವೆ. ಐಎಲ್-6 ಲಿವರನ್ನು ತಟ್ಟಿ ಎಬ್ಬಿಸಿದಾಗ ಲಿವರ್ ಸಿಆರ್‌ಪಿ ಅನ್ನುವ ಇನ್ನೊಂದು ಪ್ರೋಟೀನನ್ನು ಸುರಿಯಲು ಶುರು ಮಾಡುತ್ತದೆ. ಮೈಯಲ್ಲಿ ಎಲ್ಲೋ ಉರಿಯೂತ (ಇನ್‌ಫ್ಲಮೇಶನ್) ಇದೆ ಅನ್ನುವುದಕ್ಕೆ ಡಾಕ್ಟರುಗಳು ನೋಡುವ ಗುರುತು ಇದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದರು. ಕೋವಿಡ್ ಕಾಲದಲ್ಲಿ ನಾವೆಲ್ಲ ಇದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡೆವು, ಅಲ್ವಾ. ವ್ಯಾಕ್ಸಿನ್ ಹಾಕಿಸಿಕೊಂಡ ಮರುದಿನ ಸುಮ್ಮನೆ ಮಂಕಾಗಿ ಕೂತಿದ್ದು, ಮಾತು ಬೇಡವಾಗಿದ್ದು ನೆನಪಿದ್ದರೆ ನಿಮಗೆ ಇದರ ರುಚಿ ಗೊತ್ತು. ಆರೋಗ್ಯವಾಗಿದ್ದವರಿಗೆ ಟೈಫಾಯ್ಡ್ ಲಸಿಕೆ ಕೊಟ್ಟು ಇಂಗ್ಲೆಂಡಿನಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಕೆಲವೇ ಗಂಟೆಯಲ್ಲಿ ಐಎಲ್-6 ಏರಿತು, ಮನಸ್ಸು ಇಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇಂಟರ್‌ಫೆರಾನ್ ಕತೆ. ಇದು ಮೈಯೇ ತಯಾರಿಸುವ ಒಂದು ಸೈಟೊಕೈನ್. ಹೆಪಟೈಟಿಸ್ ಸಿ ಕಾಯಿಲೆಗೆ, ಒಂದು ಥರದ ಚರ್ಮದ ಕ್ಯಾನ್ಸರಿಗೆ ಇದನ್ನೇ ಔಷಧಿ ಮಾಡಿ ತಿಂಗಳುಗಟ್ಟಲೆ ಚುಚ್ಚುತ್ತಿದ್ದರು. ಹೆಪಟೈಟಿಸ್‌ಗೆ ಇದನ್ನು ತೆಗೆದುಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರುತ್ತಿತ್ತು. ಮನೆಯಲ್ಲಿ ಜಗಳ ಇಲ್ಲ, ಸಾಲ ಇಲ್ಲ, ಪ್ರೀತಿ ಮುರಿದಿಲ್ಲ, ಒಂದು ಇಂಜೆಕ್ಷನ್ ಅಷ್ಟೇ. ಅಮೆರಿಕಾದಲ್ಲಿ ಕ್ಯಾನ್ಸರಿನ 40 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು. ಅರ್ಧ ಜನಕ್ಕೆ ಇಂಟರ್‌ಫೆರಾನ್ ಶುರು ಮಾಡುವ ಎರಡು ವಾರ ಮೊದಲಿಂದಲೇ ಖಿನ್ನತೆಯ ಮಾತ್ರೆ ಕೊಟ್ಟರು, ಉಳಿದವರಿಗೆ ಬರೀ ಸಪ್ಪೆ ಮಾತ್ರೆ. ಸಪ್ಪೆ ಮಾತ್ರೆಯವರಲ್ಲಿ ನೂರಕ್ಕೆ 45 ಜನ ಖಿನ್ನತೆಗೆ ಬಿದ್ದರು. ನಿಜವಾದ ಮಾತ್ರೆ ನುಂಗಿದವರಲ್ಲಿ 11.

ಇದನ್ನು ನಾನು ರಾತ್ರಿ ಎರಡು ಗಂಟೆಗೆ ಓದಿ ಎದ್ದು ಕೂತೆ. ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಬಂದದ್ದಲ್ಲ ಹಾಗಾದರೆ. ನನ್ನ ರಕ್ತದಲ್ಲೂ ಏನೋ ಇದೆ. ಯಾರೂ ಅಳೆದಿಲ್ಲ ಅಷ್ಟೇ.

6.8

ಮರುದಿನವೇ ಮೊಬೈಲಿನಲ್ಲಿ ಟೆಸ್ಟ್ ಬುಕ್ ಮಾಡಿದೆ. ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಅದೇನು ದೊಡ್ಡ ವಿಷಯ, ಬೆಳಗ್ಗೆ ಏಳಕ್ಕೆ ಒಬ್ಬ ಹುಡುಗ ಬೈಕಲ್ಲಿ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ಸಂಜೆ ಪಿಡಿಎಫ್ ಬಂತು. ಸಿಆರ್‌ಪಿ, ಲೀಟರಿಗೆ 6.8 ಮಿಲಿಗ್ರಾಂ. ದಪ್ಪ ಅಕ್ಷರದಲ್ಲಿ.

ಹೃದಯದ ಡಾಕ್ಟರುಗಳ ಲೆಕ್ಕದಲ್ಲಿ 1ಕ್ಕಿಂತ ಕಮ್ಮಿ ಇದ್ದರೆ ಚಿಂತೆ ಇಲ್ಲ, 1ರಿಂದ 3 ನಡುಮಧ್ಯ, 3 ದಾಟಿದರೆ ಜಾಸ್ತಿ. 10 ದಾಟಿದರೆ ಎಲ್ಲೋ ಸೋಂಕೋ ಪೆಟ್ಟೋ ಇರಬೇಕು ಅಂತ ಹುಡುಕುತ್ತಾರೆ. ನನ್ನದು 6.8. ನಾಚಿಕೆ ಬಿಟ್ಟು ಹೇಳುತ್ತೇನೆ, ಎಷ್ಟೋ ತಿಂಗಳ ನಂತರ ಅವತ್ತು ನನಗೆ ಖುಷಿಯಾಯಿತು. ಸ್ಕ್ರೀನ್‌ಶಾಟ್ ತೆಗೆದು, ಆ ಸಾಲಿಗೆ ಕೆಂಪು ಗೆರೆ ಎಳೆದು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: ಮೈಯಲ್ಲಿ ಉರಿಯೂತ ಇದೆಯಂತೆ, ಅದರಿಂದಲೇ ಹೀಗೆ.

ಹತ್ತು ನಿಮಿಷದಲ್ಲಿ ಚಿಕ್ಕಪ್ಪನ ಫೋನು. 'ಉರಿಯೂತ ಅಂತೆ? ಮೊದಲೇ ಹೇಳಬಾರದೇನೋ? ಇಷ್ಟು ದಿನ ಒಳಗೇ ಇಟ್ಕೊಂಡು ಕೂತಿದೀಯಲ್ಲ.' ನಾನು ಮೊದಲೇ ಹೇಳಿದ್ದೆ. ಆದರೆ ಆಗ ಹೇಳಿದ್ದು ಬೇರೆ ಪದದಲ್ಲಿ. ಚಿಕ್ಕಮ್ಮ ಅರಿಶಿನ, ಒಣಶುಂಠಿ, ಮೆಣಸು ಕುಟ್ಟಿ ಡಬ್ಬಿಯಲ್ಲಿ ಹಾಕಿ ಬಸ್ಸಿನವರ ಕೈಲಿ ಕಳಿಸಿದರು. ಜೊತೆಗೆ ಒಂದು ಸೇರು ರಾಗಿ ಹಿಟ್ಟು. ಗಂಜಿ ಬಂತು ನೋಡಿ ಕೊನೆಗೂ.

ಉರಿಯೂತ. ಈ ಪದದ ಮೇಲೆ ನನಗೆ ಆಗಿನಿಂದ ಒಂದು ಪ್ರೀತಿ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ ಪದ ಅದರಲ್ಲಿ ಎರಡನ್ನು ಬಗಲಲ್ಲೇ ಇಟ್ಟುಕೊಂಡಿದೆ. ಕೇಳಿದವರಿಗೆ ಬೆಂದು ಊದಿದ ಬೆರಳು ಕಣ್ಣಿಗೆ ಬರುತ್ತದೆ. ಖಿನ್ನತೆ ಅಂದರೆ ಏನು ಕಣ್ಣಿಗೆ ಬರುತ್ತೆ ಹೇಳಿ? ಅದು ಪೇಪರಿನಲ್ಲಿ ಓದುವ ಪದ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿಲ್ಲ. ಮಂಕು ಕವಿದಿದೆ ಅಂತಾರೆ, ಮನಸ್ಸಿಗೆ ಹಚ್ಚಿಕೊಂಡಿದಾನೆ ಅಂತಾರೆ. ಹಚ್ಚಿಕೊಂಡಿದ್ದರೆ ಬಿಡಿಸಿಕೊಳ್ಳಬಹುದಲ್ಲ, ಅದರೊಳಗೇ ಬುದ್ಧಿವಾದ ಕೂತಿದೆ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ನಮ್ಮ ಕಡೆಯ ಒಂದು ಮದುವೆ ಪಂಕ್ತಿಯಲ್ಲಿ ಎಷ್ಟು ಜನ ಆಗುತ್ತಾರೆ ಅಂತ ನಾನು ಎಲೆ ಮುಂದೆ ಕೂತು ಲೆಕ್ಕ ಹಾಕಿದ್ದುಂಟು. ಅವರೆಲ್ಲ ಡಾಕ್ಟರ ಹತ್ತಿರ ಏನು ಹೇಳುತ್ತಾರೋ, ಬಹುಶಃ ನಾನು ಹೇಳಿದ್ದೇ. ಸುಸ್ತು, ಮೈಕೈ ನೋವು, ಅಂಗಾಲು ಉರಿ.

ಹಲ್ಲು ನೋವಿತ್ತಾ?

6.8 ಹಿಡಿದುಕೊಂಡೇ ನಾನು ಮೊದಲ ಸಲ ಮನೋವೈದ್ಯರ ಹತ್ತಿರ ಹೋದೆ. ಆ ಕಾಗದ ಇಲ್ಲದಿದ್ದರೆ ಹೋಗುತ್ತಿರಲಿಲ್ಲ, ಆ ಮಟ್ಟಿಗೆ ಅದಕ್ಕೆ ನಾನು ಋಣಿ. ಅವರು ಅರ್ಧ ಗಂಟೆ ನನ್ನ ಮಾತು ಕೇಳಿದರು. ನಿದ್ದೆ, ಹಸಿವು, ಕೆಲಸ, ಅಮ್ಮ ತೀರಿಕೊಂಡಿದ್ದು, ಎಲ್ಲ. ನಾನು ಮಧ್ಯೆ ಮಧ್ಯೆ ರಿಪೋರ್ಟನ್ನು ಮೇಜಿನ ಮೇಲೆ ಅವರ ಕಡೆ ಸರಿಸುತ್ತಿದ್ದೆ. ಕೊನೆಗೆ ಅದನ್ನು ಎತ್ತಿಕೊಂಡು ನೋಡಿ ಕೇಳಿದರು: 'ಆ ವಾರ ನೆಗಡಿ ಏನಾದರೂ ಇತ್ತಾ? ಹಲ್ಲು ನೋವು?'

ಇತ್ತು. ಬಲಗಡೆ ಕೆಳದವಡೆ, ಮೂರು ವಾರದಿಂದ. ಹಲ್ಲುಜ್ಜುವುದನ್ನೇ ಬಿಟ್ಟಿದ್ದ ದಿನಗಳು ಅವು. ಇದನ್ನು ಬರೆಯಲು ಈಗಲೂ ಮುಜುಗರ ಆಗುತ್ತೆ, ಆದರೆ ಅನುಭವಿಸಿದವರಿಗೆ ಗೊತ್ತು, ಬ್ರಷ್ ಎತ್ತುವುದೂ ಒಂದು ಕೆಲಸ. ಅಂದರೆ ಡಿಪ್ರೆಶನ್ನಿಂದ ಹಲ್ಲು ಕೆಟ್ಟಿತ್ತು, ಹಲ್ಲಿಂದ ಸಿಆರ್‌ಪಿ ಏರಿತ್ತು. ನಾನು ಬಾಣದ ಗುರುತನ್ನು ಉಲ್ಟಾ ಓದಿಕೊಂಡು ಊರಿಗೆಲ್ಲ ಡಂಗುರ ಹೊಡೆದಿದ್ದೆ. ಆ ಹಲ್ಲಿಗೆ ನುಂಗುತ್ತಿದ್ದ ನೋವಿನ ಮಾತ್ರೆ ಉರಿಯೂತ ಇಳಿಸುವ ಮಾತ್ರೆಯೂ ಹೌದಲ್ಲ, ಅದರಿಂದ ಮನಸ್ಸೂ ಹಗುರ ಆಗುತ್ತಾ ಅಂತ ಗುಟ್ಟಾಗಿ ಕಾದು ನೋಡಿದ್ದೂ ಆಗಿತ್ತು. ದವಡೆ ಹಗುರಾಯಿತು. (ನೀವು ಇದನ್ನು ಮಾಡಲು ಹೋಗಬೇಡಿ. ಅಂಥ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಅಪಾಯ ಜಾಸ್ತಿ.)

ಹಾಗಾದರೆ ಇದೆಲ್ಲ ಸುಳ್ಳಾ? ಸುಳ್ಳಲ್ಲ, ಅದೇ ತಮಾಷೆ. ಖಿನ್ನತೆ ಇರುವವರನ್ನು ಗುಂಪಾಗಿ ತೆಗೆದುಕೊಂಡರೆ ಸುಮಾರು ಕಾಲು ಭಾಗ ಜನಕ್ಕೆ ಸಿಆರ್‌ಪಿ 3ಕ್ಕಿಂತ ಮೇಲಿರುತ್ತದೆ. ಉಳಿದ ಮುಕ್ಕಾಲು ಭಾಗಕ್ಕೆ ಇರುವುದಿಲ್ಲ, ಅವರ ಖಿನ್ನತೆಯೂ ಅಷ್ಟೇ ನಿಜ. ಹಾಗೇ ಸಿಆರ್‌ಪಿ ಏರಿದವರಿಗೆಲ್ಲ ಖಿನ್ನತೆ ಇರುವುದಿಲ್ಲ. ಹೊಟ್ಟೆಯ ಸುತ್ತ ಬೊಜ್ಜಿದ್ದರೆ ಏರುತ್ತದೆ, ಸಿಗರೇಟಿಗೆ ಏರುತ್ತದೆ, ವಸಡಿನ ಕಾಯಿಲೆಗೆ ಏರುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 19 ಗಂಟೆ. ಸೋಮವಾರದ ಸಂಖ್ಯೆ ಶುಕ್ರವಾರಕ್ಕೆ ಉಳಿಯಬೇಕು ಅಂತೇನಿಲ್ಲ.

ಆದರೂ ಎಲ್ಲವನ್ನೂ ಹಲ್ಲಿನ ಮೇಲೆ ಹಾಕಿ ಮುಗಿಸಲು ಆಗುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಒಂದಿದೆ. ಅದರಲ್ಲಿ 9ನೇ ವಯಸ್ಸಿನಲ್ಲಿ ಐಎಲ್-6 ಜಾಸ್ತಿ ಇದ್ದವರಿಗೆ 18ರಲ್ಲಿ ಖಿನ್ನತೆ ಬರುವ ಸಾಧ್ಯತೆ ಜಾಸ್ತಿ ಇತ್ತು. ಇಲ್ಲಿ ರಕ್ತ ಮೊದಲು, ಮನಸ್ಸು ಆಮೇಲೆ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರ ರಕ್ತದಲ್ಲಿ 32ನೇ ವಯಸ್ಸಿಗೂ ಸಿಆರ್‌ಪಿ ಹೆಚ್ಚಿರುವುದು ಕಂಡಿತು. ಎಂಟು ವರ್ಷದ ಮಗುವಿಗೆ ಬಿದ್ದ ಏಟು ಇಪ್ಪತ್ತು ವರ್ಷದ ಮೇಲೂ ಲಿವರಿಗೆ ನೆನಪಿರುತ್ತಾ? ಇದನ್ನು ಓದಿದ ದಿನ ನನಗೆ ಬೇರೇನೂ ಓದಲು ಆಗಲಿಲ್ಲ.

ಮನೋವೈದ್ಯರು ಹೇಳಿದ ಇನ್ನೊಂದು ಪ್ರಯೋಗ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅಮೆರಿಕಾದ ಅಟ್ಲಾಂಟಾದಲ್ಲಿ, ಯಾವ ಮಾತ್ರೆಗೂ ಜಗ್ಗದ ಖಿನ್ನತೆ ಇದ್ದ 60 ಜನರನ್ನು ಆರಿಸಿಕೊಂಡರು. ಅರ್ಧ ಜನಕ್ಕೆ ಇನ್‌ಫ್ಲಿಕ್ಸಿಮಾಬ್ ಕೊಟ್ಟರು. ಅದು ಸಂಧಿವಾತಕ್ಕೆ ಕೊಡುವ, ಟಿಎನ್‌ಎಫ್ ಅನ್ನು ಕಟ್ಟಿಹಾಕುವ ದುಬಾರಿ ಔಷಧಿ. ಉಳಿದ ಅರ್ಧಕ್ಕೆ ಉಪ್ಪುನೀರು. 2013ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಔಷಧಿಗೂ ಉಪ್ಪುನೀರಿಗೂ ವ್ಯತ್ಯಾಸ ಇಲ್ಲ. ಆದರೆ ಬಿಡಿಸಿ ನೋಡಿದಾಗ, ಮೊದಲೇ ಸಿಆರ್‌ಪಿ 5ಕ್ಕಿಂತ ಜಾಸ್ತಿ ಇದ್ದವರು ಔಷಧಿಯಿಂದ ಹೆಚ್ಚು ಚೇತರಿಸಿಕೊಂಡಿದ್ದರು. ಕಮ್ಮಿ ಇದ್ದವರು? ಅವರಿಗೆ ಉಪ್ಪುನೀರೇ ವಾಸಿಯಾಗಿತ್ತು. ಅಂದರೆ ಒಂದೇ ಹೆಸರಿನ ಕಾಯಿಲೆ, ಒಂದೇ ಔಷಧಿ, ಒಬ್ಬರಿಗೆ ಕೈ ಹಿಡಿಯಿತು, ಇನ್ನೊಬ್ಬರಿಗೆ ಅಡ್ಡಗಾಲು ಹಾಕಿತು. 2014ರಲ್ಲಿ ಯುರೋಪಿನಿಂದ ಬಂದ ಇನ್ನೊಂದು ಅಧ್ಯಯನದಲ್ಲೂ ಇದೇ ರಾಗ. ಸಿಆರ್‌ಪಿ 1ಕ್ಕಿಂತ ಕಮ್ಮಿ ಇದ್ದವರಿಗೆ ಎಸಿಟಲೊಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ, ಅದಕ್ಕಿಂತ ಮೇಲಿದ್ದವರಿಗೆ ಹಳೇ ಕಾಲದ ನಾರ್‌ಟ್ರಿಪ್ಟಿಲಿನ್ ಚೆನ್ನಾಗಿ ಕೆಲಸ ಮಾಡಿತ್ತು. ನಾವು ಖಿನ್ನತೆ ಅಂತ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದೀವಲ್ಲ, ಅದರೊಳಗೆ ಏನೇನಿದೆಯೋ.

'ಹಾಗಾದರೆ ಎಲ್ಲರಿಗೂ ಈ ಟೆಸ್ಟ್ ಮಾಡಿಸಬಹುದಲ್ಲ' ಅಂದೆ. ಅವರು ನಕ್ಕರು. ಅವರು ಓದುತ್ತಿದ್ದ ಕಾಲದಲ್ಲಿ ಇನ್ನೊಂದು ಟೆಸ್ಟಿನ ಬಗ್ಗೆ ಇದೇ ಉತ್ಸಾಹ ಇತ್ತಂತೆ. ರಾತ್ರಿ ಡೆಕ್ಸಾಮೆಥಾಸೋನ್ ಅನ್ನುವ ಒಂದು ಸ್ಟೀರಾಯ್ಡ್ ಮಾತ್ರೆ ನುಂಗುವುದು, ಮರುದಿನ ರಕ್ತದಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಇಳಿದಿದೆಯಾ ನೋಡುವುದು, ಇಳಿಯದಿದ್ದರೆ ಆಳವಾದ ಖಿನ್ನತೆ. 1981ರಲ್ಲಿ ಬರ್ನಾರ್ಡ್ ಕ್ಯಾರೊಲ್ ಮತ್ತು ಜೊತೆಗಾರರು ಇದನ್ನು ಮಂಡಿಸಿದಾಗ ಮನೋವೈದ್ಯರಿಗೂ ಒಂದು ಲ್ಯಾಬ್ ಟೆಸ್ಟ್ ಸಿಕ್ಕಿತು ಅಂತ ದೊಡ್ಡ ಸಂಭ್ರಮ. ಆಮೇಲೆ ನೋಡಿದರೆ ತೂಕ ಇಳಿದವರಲ್ಲೂ, ಬೇರೆ ಕಾಯಿಲೆಯವರಲ್ಲೂ ಅದು ಪಾಸಿಟಿವ್ ಬರುತ್ತಿತ್ತು. ಸದ್ದಿಲ್ಲದೆ ಬದಿಗೆ ಸರಿಯಿತು. 'ನಮಗೂ ದಪ್ಪ ಅಕ್ಷರದ ಆಸೆ ಇದ್ದೇ ಇದೆ' ಅಂದರು. ನನಗೆ ಆ ಮನುಷ್ಯ ಇಷ್ಟವಾಗಿದ್ದು ಆಗಲೇ.

ಎರಡನೇ ರಿಪೋರ್ಟ್

ಹಲ್ಲಿಗೆ ರೂಟ್ ಕೆನಾಲ್ ಆಯಿತು. ಖಿನ್ನತೆಗೆ ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಮಾತುಕತೆ. ಮೊದಲ ತಿಂಗಳು ಅಂಥ ಬದಲಾವಣೆ ಏನಿಲ್ಲ. ಆಗ ಮತ್ತೆ ಸಿಆರ್‌ಪಿ ಮಾಡಿಸಿದೆ, ಡಾಕ್ಟರು ಬೇಡ ಅಂದರೂ ಕೇಳದೆ. 0.9.

ಮಾಮೂಲಿ ಅಕ್ಷರ. ನಾನಿನ್ನೂ ಬೆಳಗ್ಗೆ ನಾಲ್ಕಕ್ಕೇ ಎದ್ದು ಫ್ಯಾನು ನೋಡುತ್ತಿದ್ದೆ. ಮೈ ಅಷ್ಟೇ ಭಾರ. ಆದರೆ ಕಾಗದದ ಪ್ರಕಾರ ಎಲ್ಲಾ ನಾರ್ಮಲ್. ಪಿಡಿಎಫ್ ನೋಡಿ ನನಗೆ ಆಗಿದ್ದು ಸಮಾಧಾನ ಅಲ್ಲ, ಭಯ. ಇದನ್ನು ಮನೆಯವರು ಕೇಳಿದರೆ ಏನು ಮಾಡುವುದು? ಉರಿಯೂತ ಹೋಯ್ತಲ್ಲ, ಇನ್ನೇನು, ಏಳು ಅಂದರೆ?

ಗುಂಪಿಗೆ ಅದನ್ನು ಹಾಕಲಿಲ್ಲ. ಪ್ರಿಂಟ್ ತೆಗೆದು ಫೋಲ್ಡರಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟೆ. ಮೂರನೇ ತಿಂಗಳ ಹೊತ್ತಿಗೆ ಸಾರಿನ ಒಗ್ಗರಣೆ ವಾಸನೆ ಮೂಗಿಗೆ ಬಡಿದು ಹಸಿವಾಯಿತು. ಆಮೇಲೆ ಒಂದೊಂದಾಗಿ ಕೆಲವು ಬಂದವು, ಕೆಲವು ಇನ್ನೂ ಬಂದಿಲ್ಲ. ಮಾತ್ರೆ ನಡೆಯುತ್ತಿದೆ.

ಚಿಕ್ಕಪ್ಪ ಈಗಲೂ ಭಾನುವಾರ ಫೋನ್ ಮಾಡುತ್ತಾರೆ. ತೆಂಗಿನಕಾಯಿ ರೇಟು, ಬೋರ್‌ವೆಲ್ಲು, ಯಾರದೋ ಮಗಳ ಮದುವೆ ಎಲ್ಲ ಮುಗಿದ ಮೇಲೆ ದನಿ ಸ್ವಲ್ಪ ತಗ್ಗಿಸಿ ಕೇಳುತ್ತಾರೆ. 'ಆ ಉರಿಯೂತ ಈಗ ಹೆಂಗಿದೆಯೋ?'

'ಕಮ್ಮಿ ಆಗ್ತಾ ಇದೆ ಚಿಕ್ಕಪ್ಪ' ಅನ್ನುತ್ತೇನೆ.